ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶಗಳು

ವಿಂಡೋಸ್‌ಗೆಂದು ಬರೆದ ತಂತ್ರಾಂಶ ಲಿನಕ್ಸ್ ಗಣಕದಲ್ಲಿ ತಾನಾಗಿ ಓಡುವುದಿಲ್ಲ. ಇದಕ್ಕೆ ಯಂತ್ರ ಕಾರಣವಲ್ಲ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಎರಡೂ ವ್ಯವಸ್ಥೆಗಳಿಗೆ ಒಂದೇ, ಅದು ಅರಿಯುವ ಆಜ್ಞೆಗಳೂ ಒಂದೇ. ಬೇರೆಯಾಗಿರುವುದು ಸುತ್ತಲಿನ ಏರ್ಪಾಟು. ವಿಂಡೋಸ್‌ನ ಇಎಕ್ಸ್‌ಇ ಫೈಲು ಪಿಇ ಎಂಬ ವಿನ್ಯಾಸದಲ್ಲಿರುತ್ತದೆ, ಲಿನಕ್ಸ್‌ನದು ಇಎಲ್‌ಎಫ್ ವಿನ್ಯಾಸದಲ್ಲಿ. ಕಿಟಕಿ ತೆರೆಯಲು, ಫೈಲು ಓದಲು, ಪರದೆಯ ಮೇಲೆ ಅಕ್ಷರ ಮೂಡಿಸಲು ವಿಂಡೋಸ್ ತಂತ್ರಾಂಶ ಡಿಎಲ್‌ಎಲ್ ಎಂಬ ಗ್ರಂಥಾಲಯಗಳನ್ನು ಕರೆಯುತ್ತದೆ. ಆ ಸಾವಿರಾರು ಕರೆಗಳಿಗೆ ಓಗೊಡುವವರು ಲಿನಕ್ಸ್‌ನಲ್ಲಿ ಇರುವುದಿಲ್ಲ. ಈ ಕೊರತೆಯನ್ನು ತುಂಬಲು ಬಳಕೆಯಲ್ಲಿರುವ ದಾರಿಗಳು ಎರಡು. ವಿಂಡೋಸ್ ಕರೆಗಳನ್ನು ಲಿನಕ್ಸ್ ಕರೆಗಳಾಗಿ ಬದಲಿಸಿಕೊಡುವ ವೈನ್, ಪ್ರೋಟಾನ್ ಮುಂತಾದ ಹೊಂದಿಕೆ ಪದರಗಳು ಒಂದು. ಲಿನಕ್ಸ್‌ನ ಒಳಗೇ ಪೂರ್ಣ ವಿಂಡೋಸನ್ನು ಕೂರಿಸುವ ವರ್ಚುವಲ್ ಯಂತ್ರ ಇನ್ನೊಂದು.

ಕರ್ನಾಟಕದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಎದುರಾಗುವುದು ಕಚೇರಿ, ಮುದ್ರಣಾಲಯ ಮತ್ತು ಅಂಗಡಿಗಳಲ್ಲಿ. ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಗಣಕದ ದಿನನಿತ್ಯದ ಕೆಲಸ ಕನ್ನಡ ಬರೆಯುವ ನುಡಿ ಮತ್ತು ಬರಹ, ಪುಟ ಜೋಡಿಸುವ ಪೇಜ್‌ಮೇಕರ್, ಲೆಕ್ಕ ಬರೆಯುವ ಟ್ಯಾಲಿ ಎಂಬ ನಾಲ್ಕೈದು ಹೆಸರುಗಳ ಸುತ್ತಲೇ ನಡೆದಿದೆ, ಇವೆಲ್ಲ ವಿಂಡೋಸ್‌ನವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಚೆನ್ನಾಗಿಯೇ ಓಡುತ್ತಿರುವ ಹಳೆಯ ಗಣಕವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿಸೋಣವೆಂದು ಯೋಚಿಸಿದವರ ಮೊದಲ ಪ್ರಶ್ನೆ ಒಂದೇ: ಅದರಲ್ಲಿ ನುಡಿ ಬರುತ್ತದೆಯೇ?

ವೈನ್ ಬೆಳೆದ ಬಗೆ

1990ರ ದಶಕದ ಆರಂಭದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ತನ್ನ ಸೋಲಾರಿಸ್ ವ್ಯವಸ್ಥೆಯಲ್ಲಿ ವಿಂಡೋಸ್ 3.1ರ ತಂತ್ರಾಂಶಗಳನ್ನು ಓಡಿಸಲು ವಾಬಿ ಎಂಬ ಪದರವನ್ನು ತಂದಿತು. ಅದನ್ನು ಕಂಡು ಲಿನಕ್ಸ್‌ಗೂ ಅಂಥದ್ದು ಬೇಕೆಂದು 1993ರಲ್ಲಿ ಬಾಬ್ ಆಮ್‌ಸ್ಟಾಡ್ ಮತ್ತು ಎರಿಕ್ ಯಂಗ್‌ಡೇಲ್ ವೈನ್ ಯೋಜನೆಯನ್ನು ಆರಂಭಿಸಿದರು. ಮರುವರ್ಷ ಅದರ ಹೊಣೆ ಹೊತ್ತ ಅಲೆಕ್ಸಾಂಡರ್ ಜೂಲಿಯಾರ್ ದಶಕಗಳುದ್ದಕ್ಕೂ ಅದನ್ನು ಮುನ್ನಡೆಸಿದ್ದಾರೆ. ಬರೆಯುವವರಿಗೆ ಒಂದು ಕಟ್ಟುಪಾಡು ಇತ್ತು: ಮೈಕ್ರೋಸಾಫ್ಟ್‌ನ ಮೂಲ ಸಂಕೇತವನ್ನು ನೋಡಿದವರು ಇದರಲ್ಲಿ ಕೈಯಿಡುವಂತಿಲ್ಲ. ಪ್ರತಿಯೊಂದು ಕರೆ ಹೊರಗೆ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಿ, ಅದೇ ವರ್ತನೆಯನ್ನು ಹೊಸದಾಗಿ ಬರೆಯಬೇಕು. ದಾಖಲೆಯಲ್ಲಿ ಇಲ್ಲದ ವರ್ತನೆಗಳನ್ನೂ, ವಿಂಡೋಸ್‌ನ ದೋಷಗಳನ್ನೂ ಹಾಗೆಯೇ ನಕಲಿಸಬೇಕು. ತಂತ್ರಾಂಶಗಳು ಆ ದೋಷಗಳನ್ನೇ ನಂಬಿಕೊಂಡಿರುವುದುಂಟು.

ಕೆಲಸ ಆಮೆಗತಿಯಲ್ಲಿ ಸಾಗಿತು. ವೈನ್ 1.0 ಹೊರಬಂದದ್ದು 2008ರ ಜೂನ್ 17ರಂದು, ಆರಂಭವಾಗಿ 15 ವರ್ಷಗಳ ನಂತರ. ನಡುವೆ 2002ರಲ್ಲಿ ಪರವಾನಗಿ ಎಲ್‌ಜಿಪಿಎಲ್‌ಗೆ ಬದಲಾಯಿತು. ವೈನ್‌ಗೆ ಮಾಡಿದ ತಿದ್ದುಪಡಿಗಳನ್ನು ಹಂಚುವವರು ಅವನ್ನು ಮರಳಿ ತೆರೆದಿಡಬೇಕೆಂಬುದು ಇದರ ಉದ್ದೇಶ. ಅಮೆರಿಕದ ಮಿನೆಸೋಟಾ ರಾಜ್ಯದ ಕೋಡ್‌ವೀವರ್ಸ್ ಸಂಸ್ಥೆ ವೈನನ್ನು ಕ್ರಾಸ್‌ಓವರ್ ಎಂಬ ಹೆಸರಿನಲ್ಲಿ ಹದಗೊಳಿಸಿ ಮಾರುತ್ತದೆ, ಮೂಲ ಯೋಜನೆಯ ಬಹುಪಾಲು ಕೆಲಸಕ್ಕೆ ಸಂಬಳ ಕೊಡುವುದೂ ಅದೇ. 2017ರಿಂದೀಚೆಗೆ ಪ್ರತಿವರ್ಷ ಜನವರಿಯ ಹೊತ್ತಿಗೆ ಹೊಸ ಸ್ಥಿರ ಆವೃತ್ತಿ ಬರುವ ರೂಢಿ ಬೆಳೆದಿದೆ. 2023ರ 8.0 ಆವೃತ್ತಿಯಲ್ಲಿ ವೈನ್‌ನ ಗ್ರಂಥಾಲಯಗಳೆಲ್ಲ ಪಿಇ ವಿನ್ಯಾಸಕ್ಕೆ ಬದಲಾದವು. 2024ರ 9.0ರಲ್ಲಿ 32 ಬಿಟ್ ತಂತ್ರಾಂಶವನ್ನು 64 ಬಿಟ್ ಲಿನಕ್ಸ್‌ನಲ್ಲಿ ಪ್ರತ್ಯೇಕ 32 ಬಿಟ್ ಗ್ರಂಥಾಲಯಗಳಿಲ್ಲದೆ ಓಡಿಸುವ ಹೊಸ ಏರ್ಪಾಟು ಬಂತು.

ಕೆಲಸ ಮಾಡುವ ರೀತಿ

ಲಿನಕ್ಸ್‌ನಲ್ಲಿ ಸೆಟಪ್ ಫೈಲೊಂದನ್ನು ವೈನ್ ಮೂಲಕ ತೆರೆದಾಗ, ಮೊದಲ ಬಾರಿಯಾದರೆ ಬಳಕೆದಾರನ ಮನೆಫೋಲ್ಡರಿನಲ್ಲಿ ಡಾಟ್‌ವೈನ್ ಎಂಬ ಮರೆಫೋಲ್ಡರ್ ಹುಟ್ಟುತ್ತದೆ. ಅದರೊಳಗಿನ ಡ್ರೈವ್‌ಸಿ ಎಂಬ ಫೋಲ್ಡರೇ ತಂತ್ರಾಂಶದ ಕಣ್ಣಿಗೆ ಸಿ ಡ್ರೈವ್. ಪ್ರೋಗ್ರಾಮ್ ಫೈಲ್ಸ್, ವಿಂಡೋಸ್, ಸಿಸ್ಟಮ್32 ಎಲ್ಲವೂ ಅಲ್ಲಿ ಹೆಸರಿಗೆ ತಕ್ಕ ಜಾಗದಲ್ಲೇ ಇರುತ್ತವೆ. ರಿಜಿಸ್ಟ್ರಿ ಎಂಬುದು ಇಲ್ಲಿ ಕೆಲವು ಪಠ್ಯ ಫೈಲುಗಳಷ್ಟೇ, ಸಾಮಾನ್ಯ ಎಡಿಟರಿನಲ್ಲಿ ತೆರೆದು ಓದಬಹುದು. ವಿಂಡೋಸ್‌ನಲ್ಲಿ ಕರ್ನೆಲ್ ಮಾಡುವ ಹಲವು ಕೆಲಸಗಳನ್ನು ವೈನ್‌ಸರ್ವರ್ ಎಂಬ ಹಿನ್ನೆಲೆ ಪ್ರಕ್ರಿಯೆ ನೋಡಿಕೊಳ್ಳುತ್ತದೆ: ಯಾವ ಕಿಟಕಿ ಯಾರದು, ಯಾವ ಎಳೆ (ಥ್ರೆಡ್) ಯಾವುದಕ್ಕೆ ಕಾದು ನಿಂತಿದೆ ಎಂಬಂಥವು. ಎಳೆಗಳ ನಡುವಿನ ಈ ಕಾಯುವಿಕೆಯನ್ನು ವೇಗಗೊಳಿಸಲೆಂದೇ 2025ರಲ್ಲಿ ಬಂದ ಲಿನಕ್ಸ್ 6.14 ಕರ್ನೆಲ್‌ನಲ್ಲಿ ಎನ್‌ಟಿಸಿಂಕ್ ಎಂಬ ಚಾಲಕವನ್ನು ಸೇರಿಸಲಾಯಿತು.

ಇಂಥ ಫೋಲ್ಡರನ್ನು ವೈನ್ ಬಳಕೆದಾರರು ಪ್ರಿಫಿಕ್ಸ್ ಎನ್ನುತ್ತಾರೆ. ತಂತ್ರಾಂಶಕ್ಕೊಂದರಂತೆ ಬೇರೆ ಬೇರೆ ಪ್ರಿಫಿಕ್ಸ್ ಇಟ್ಟುಕೊಳ್ಳುವುದು ಜಾಣತನ. ಒಂದಕ್ಕೆ ಹಾಕಿದ ಗ್ರಂಥಾಲಯ ಇನ್ನೊಂದನ್ನು ಕೆಡಿಸುವುದಿಲ್ಲ, ಬೇಡವಾದಾಗ ಫೋಲ್ಡರನ್ನೇ ಅಳಿಸಿದರೆ ಆಯಿತು. ಬಾಟಲ್ಸ್, ಲುಟ್ರಿಸ್, ಪ್ಲೇಆನ್‌ಲಿನಕ್ಸ್ ಎಂಬ ಸಹಾಯಕ ತಂತ್ರಾಂಶಗಳು ಈ ಕೆಲಸವನ್ನು ಮೌಸಿನ ಕ್ಲಿಕ್ಕಿಗೆ ಇಳಿಸಿವೆ. ಕೊರತೆ ಬಿದ್ದ ಡಾಟ್‌ನೆಟ್, ವಿಷುಯಲ್ ಸಿ ಗ್ರಂಥಾಲಯ, ಫಾಂಟ್ ಮುಂತಾದವನ್ನು ವೈನ್‌ಟ್ರಿಕ್ಸ್ ತಂದುಕೊಡುತ್ತದೆ.

ಪ್ರೊಸೆಸರಿನ ಆಜ್ಞೆಗಳನ್ನು ವೈನ್ ಅನುಕರಿಸುವುದಿಲ್ಲ, ನೇರವಾಗಿಯೇ ಓಡಗೊಡುತ್ತದೆ. ಆದ್ದರಿಂದ ಲೆಕ್ಕಾಚಾರದ ವೇಗ ಹೆಚ್ಚೇನೂ ಕುಗ್ಗುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶಗಳನ್ನು ಓಡಿಸುವುದನ್ನೇ ಬಿಟ್ಟಿದೆ, ವೈನ್ ಬಿಟ್ಟಿಲ್ಲ. ವಿಂಡೋಸ್ 3.1ರ ಕಾಲದ ಒಂದು ಪುಟ್ಟ ತಂತ್ರಾಂಶ ಇಂದಿನ ವಿಂಡೋಸ್‌ಗಿಂತ ಲಿನಕ್ಸ್‌ನಲ್ಲೇ ಸಲೀಸಾಗಿ ತೆರೆದುಕೊಳ್ಳಬಹುದು. ಡಾಸ್ ಕಾಲದವುಗಳಿಗೆ ಡಾಸ್‌ಬಾಕ್ಸ್ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಬಹುಕಾಲ ಇದ್ದ 8086 ಮೈಕ್ರೋಪ್ರೊಸೆಸರ್ ಪ್ರಯೋಗಗಳ ಮ್ಯಾಸ್ಮ್ ಅಸೆಂಬ್ಲರನ್ನೂ, ತಲೆಮಾರುಗಳ ವಿದ್ಯಾರ್ಥಿಗಳು ಕಲಿತ ಟರ್ಬೋ ಸಿಯನ್ನೂ ಲಿನಕ್ಸ್‌ನಲ್ಲಿ ಓಡಿಸಲು ಅದು ಧಾರಾಳವಾಗಿ ಸಾಕು.

ಕನ್ನಡ ತಂತ್ರಾಂಶಗಳು

ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು (ಕಗಪ) ರೂಪಿಸಿದ ನುಡಿ 2000ದ ದಶಕದ ಆರಂಭದಲ್ಲಿ ಬಂದು, ಸರ್ಕಾರದ ಮನ್ನಣೆಯಿಂದ ಕಚೇರಿಗಳ ಸಾಮಾನ್ಯ ಸಾಧನವಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ನುಡಿಯ ವಿನ್ಯಾಸದಲ್ಲಿ ಬೆರಳು ಪಳಗಿದವರು ರಾಜ್ಯದ ತಾಲ್ಲೂಕು ಕಚೇರಿಗಳಿಂದ ಡಿಟಿಪಿ ಅಂಗಡಿಗಳವರೆಗೆ ತುಂಬಿದ್ದಾರೆ. ಅಚ್ಚಿನ ಕೆಲಸದಲ್ಲಿ ಇದರ ಜೊತೆ ಪುಣೆಯ ಶ್ರೀಲಿಪಿ, ಅಡೋಬಿಯ ಪೇಜ್‌ಮೇಕರ್ ಸೇರಿಕೊಂಡವು. ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಕೈಬಿಟ್ಟರೂ ಲಗ್ನಪತ್ರಿಕೆ, ಕೊಕ್ಕನೂರಿನಂಥ ಊರುಗಳ ತೇರಿನ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಅಚ್ಚು ಮಾಡುವವರು ಅದನ್ನು ಅಷ್ಟು ಬೇಗ ಬಿಡಲಿಲ್ಲ.

ಈ ತಂತ್ರಾಂಶಗಳು ವೈನ್‌ನಲ್ಲಿ ಓಡಬಹುದೇ ಎಂಬುದಕ್ಕಿಂತ, ಓಡಿದರೂ ಬೇಕಾದ ಕೆಲಸ ಆಗುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ. ನುಡಿ ಮತ್ತು ಬರಹದ ಮುಖ್ಯ ಕೆಲಸ ತಮ್ಮದೇ ಕಿಟಕಿಯಲ್ಲಿ ಬರೆಯಿಸುವುದಲ್ಲ, ಬೇರೆ ತಂತ್ರಾಂಶಗಳಲ್ಲಿ ಕನ್ನಡ ಮೂಡಿಸುವುದು. ಇದಕ್ಕಾಗಿ ಅವು ವಿಂಡೋಸ್‌ನ ಕೀಲಿಮಣೆಯ ಹಾದಿಯಲ್ಲಿ ಕಾದು ಕುಳಿತು, ಒತ್ತಿದ ಪ್ರತಿ ಕೀಲಿಯನ್ನು ಹಿಡಿದು ಕನ್ನಡವಾಗಿಸಿ ಮುಂದೆ ಬಿಡುತ್ತವೆ. ವೈನ್‌ನಲ್ಲಿ ಈ ಕಾವಲು ವೈನ್‌ನೊಳಗಿನ ಕಿಟಕಿಗಳಿಗೆ ಮಾತ್ರ ನಡೆಯುತ್ತದೆ. ಪಕ್ಕದಲ್ಲೇ ತೆರೆದಿರುವ ಲಿಬ್ರೆಆಫೀಸ್ ಅಥವಾ ಫೈರ್‌ಫಾಕ್ಸ್ ಲಿನಕ್ಸ್‌ನ ತಂತ್ರಾಂಶಗಳಾದ್ದರಿಂದ ಅಲ್ಲಿ ಒತ್ತಿದ ಕೀಲಿ ನುಡಿಯ ಕೈಗೆ ಸಿಗುವುದೇ ಇಲ್ಲ.

ಹಾಗೆಂದು ಲಿನಕ್ಸ್‌ನಲ್ಲಿ ನುಡಿ ವಿನ್ಯಾಸಕ್ಕೆ ಕೊರತೆಯಿಲ್ಲ. ಎಕ್ಸ್‌ಕೆಬಿ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸ ಇದೆ. ಐಬಸ್ ವ್ಯವಸ್ಥೆಯ ಎಂ17ಎನ್ ಕಟ್ಟಿನಲ್ಲಿ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ದೊರೆಯುತ್ತವೆ. ನುಡಿಯಲ್ಲಿ ಪಳಗಿದ ಬೆರಳಿಗೆ ಯೂನಿಕೋಡ್ ಕನ್ನಡ ಬರೆಯಲು ಇದರಾಚೆ ಏನೂ ಬೇಕಿಲ್ಲ. ಐಬಸ್‌ನಲ್ಲಿ ಒತ್ತಿದ ಕನ್ನಡ ವೈನ್‌ನೊಳಗಿನ ಯೂನಿಕೋಡ್ ಅರಿತ ತಂತ್ರಾಂಶಕ್ಕೂ ತಲುಪುತ್ತದೆ. ಆದ್ದರಿಂದ ಬರೀ ಟೈಪ್ ಮಾಡುವುದಕ್ಕೆಂದು ವೈನ್‌ನಲ್ಲಿ ನುಡಿ ಹಾಕಲು ಹೊರಡುವುದು ವ್ಯರ್ಥ ಶ್ರಮ.

ನಿಜವಾದ ತೊಡಕು ಹಳೆಯ ಫೈಲುಗಳದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೆ ಬಂತು. ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ತಿಳಿಯದು. ಹಾಗಾಗಿ ಆಸ್ಕಿ ಎಂದು ರೂಢಿಯಲ್ಲಿ ಕರೆಯುವ ಫಾಂಟುಗಳೇ ಮುದ್ರಣದಲ್ಲಿ ಉಳಿದವು. ಇವುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಪಶ್ಚಿಮ ಯುರೋಪಿನ ಲಿಪಿಗಳ ಸಂಕೇತಗಳ ಮೇಲೆ ಕೂರಿಸಲಾಗಿದೆ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಮೂರಕ್ಷರ ಫಾಂಟ್ ಇಲ್ಲದ ಗಣಕದಲ್ಲಿ ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಗೀಟಿನ ಎ. ಪಿ ಮತ್ತು ಗೀಟಿನ ಎ ಸೇರಿ ಕ, ಪೌಂಡಿನ ಗುರುತು ಮತ್ತು ಎ ಸೇರಿ ನ, ಜರ್ಮನ್ ಎಸ್ ಎಂದರೆ ನ ಒತ್ತು. ಗಣಕದ ಮಟ್ಟಿಗೆ ಅದು ಕನ್ನಡವೇ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ.

ಇಂಥ ಫೈಲನ್ನು ಓದುವುದಷ್ಟೇ ಬೇಕಿದ್ದರೆ ವೈನ್ ಬೇಕಿಲ್ಲ. ಫಾಂಟ್ ಫೈಲನ್ನು ಮನೆಫೋಲ್ಡರಿನ ಫಾಂಟ್ಸ್ ಜಾಗಕ್ಕೆ ಹಾಕಿದರೆ ವರ್ಡ್ ಫೈಲು ಲಿಬ್ರೆಆಫೀಸ್‌ನಲ್ಲಿ ಕನ್ನಡವಾಗಿಯೇ ತೆರೆಯುತ್ತದೆ. ಯೂನಿಕೋಡ್‌ಗೆ ಬದಲಿಸಲು ಪರಿವರ್ತಕಗಳಿವೆ. ಅರವಿಂದ ವಿ.ಕೆ. ಅವರು ಬರೆದ ಮುಕ್ತ ಪರಿವರ್ತಕ ಕನ್ನಡಿಗರಲ್ಲಿ ಬಹಳ ಬಳಕೆಯಲ್ಲಿದೆ. ಲಿನಕ್ಸ್‌ನಲ್ಲಿ ಬಳಸಲು ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳಿಗೂ ಅವರು ದುಡಿದಿದ್ದಾರೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಸಂಯುಕ್ತಾಕ್ಷರ, ಅಂಕಿ ಇರುವ ಕಡೆ ಕಣ್ಣಾಡಿಸಿ ತಿದ್ದುವುದು ತಪ್ಪದು. ಪೇಜ್‌ಮೇಕರ್ ಫೈಲಿನ ಪುಟವಿನ್ಯಾಸವನ್ನೂ ಉಳಿಸಿಕೊಳ್ಳಬೇಕೆಂದರೆ ಮಾತು ಬೇರೆ. ಅದಕ್ಕೆ ಪೇಜ್‌ಮೇಕರನ್ನೇ ತೆರೆಯುವುದು ಭರವಸೆಯ ದಾರಿ, ವೈನ್‌ನಲ್ಲಾಗಲಿ ವರ್ಚುವಲ್ ಯಂತ್ರದಲ್ಲಾಗಲಿ. ವೈನ್‌ನಲ್ಲಿ ತೆರೆಯುವಾಗ ಗಮನಿಸಬೇಕಾದ ಒಂದಂಶವಿದೆ: ಹಳೆಯ ತಂತ್ರಾಂಶಗಳು 1252 ಎಂಬ ಪಾಶ್ಚಾತ್ಯ ಸಂಕೇತಪುಟವನ್ನು ನಿರೀಕ್ಷಿಸುತ್ತವೆ. ಲಿನಕ್ಸ್‌ನ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿದ್ದರೆ ಆ ತಂತ್ರಾಂಶದ ಮಟ್ಟಿಗಾದರೂ ಇಂಗ್ಲಿಷ್ ಎಂದು ಸೂಚಿಸಿ ಓಡಿಸುವುದು ಕ್ಷೇಮ. ಕನ್ನಡ ಉಳಿಯಲು ಕನ್ನಡದ ಹೊಂದಾಣಿಕೆಯನ್ನೇ ತೆಗೆಯಬೇಕಾದ ವ್ಯಂಗ್ಯ ಇದು.

ಲೆಕ್ಕಪತ್ರ ಮತ್ತು ಬೀಗಗಳು

ಬೆಂಗಳೂರಿನ ಟ್ಯಾಲಿ ಸಂಸ್ಥೆ 1986ರಲ್ಲಿ ಆರಂಭವಾಯಿತು. ಅದರ ತಂತ್ರಾಂಶ ದಾವಣಗೆರೆಯ ಮಂಡಿಪೇಟೆಯಂಥ ಸಗಟು ಪೇಟೆಗಳ ಲೆಕ್ಕದ ಪುಸ್ತಕವೇ ಆಗಿಬಿಟ್ಟಿದೆ. ಟ್ಯಾಲಿ ಇಆರ್‌ಪಿ 9 ಬಂದದ್ದು 2009ರಲ್ಲಿ, ಟ್ಯಾಲಿಪ್ರೈಮ್ 2020ರಲ್ಲಿ. ಎರಡೂ ವಿಂಡೋಸ್‌ಗಾಗಿ ರೂಪುಗೊಂಡವು. ಇಆರ್‌ಪಿ 9ನ್ನು ವೈನ್‌ನಲ್ಲಿ ಓಡಿಸಿದವರಿದ್ದಾರೆ. ಆದರೆ ವ್ಯಾಪಾರದ ಲೆಕ್ಕವನ್ನು ಇದರ ಮೇಲೆ ಇಡುವುದು ವಿವೇಕವಲ್ಲ. ತಯಾರಕರ ಬೆಂಬಲ ಇಲ್ಲದ ಕಡೆ ಮಾರ್ಚ್ ಕೊನೆಯ ವಾರದಲ್ಲಿ ತಂತ್ರಾಂಶ ಕೈಕೊಟ್ಟರೆ ಕೇಳುವವರಿರುವುದಿಲ್ಲ.

ಇಂಥ ತಂತ್ರಾಂಶಗಳಿಗೆ ವೈನ್ ಸಾಲದಾಗುವುದು ಹೆಚ್ಚಾಗಿ ಬೀಗದ ಬಳಿ. ಶ್ರೀಲಿಪಿ ಮುಂತಾದವು ಡಾಂಗಲ್ ಎಂಬ ಯಂತ್ರಬೀಗದೊಂದಿಗೆ ಮಾರಾಟವಾಗುತ್ತಿದ್ದವು. ಗಣಕದ ಹಿಂಬದಿಗೆ ಚುಚ್ಚಿದ ಆ ತುಣುಕು ಇದ್ದರಷ್ಟೇ ತಂತ್ರಾಂಶ ತೆರೆಯುತ್ತದೆ. ಡಾಂಗಲನ್ನು ಮಾತಾಡಿಸಲು ವಿಂಡೋಸ್ ಕರ್ನೆಲ್‌ನ ಚಾಲಕ ಬೇಕು. ವೈನ್ ಇರುವುದು ಬಳಕೆದಾರನ ಮಟ್ಟದಲ್ಲಿ, ವಿಂಡೋಸ್‌ನ ಯಂತ್ರಚಾಲಕಗಳು ಅದರಲ್ಲಿ ನಡೆಯುವುದಿಲ್ಲ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಎಲ್ಲಕ್ಕೂ ಇದೇ ನಿಯಮ: ಲಿನಕ್ಸ್‌ಗೆಂದೇ ಚಾಲಕ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹರಿಹರದ ಲೇತ್ ಕಾರ್ಖಾನೆಗಳಂಥ ಕಡೆ ಬಳಕೆಯಾಗುವ ಆಟೋಕ್ಯಾಡ್ ಬೇರೆ ಕಾರಣಕ್ಕೆ ತೊಡಕಾಗುತ್ತದೆ. ಅದರ ಗಾತ್ರ ದೊಡ್ಡದು, ಪರವಾನಗಿ ತಪಾಸಣೆ ಬಿಗಿ, ಹೊಸ ಆವೃತ್ತಿಗಳು ವೈನ್‌ನಲ್ಲಿ ಭರವಸೆಗೆ ತಕ್ಕಂತೆ ನಡೆಯುವುದಿಲ್ಲ.

ಆಟಗಳು

ಕಚೇರಿ ತಂತ್ರಾಂಶಗಳಿಗಿಂತ ಆಟಗಳು ಕಷ್ಟವೆಂಬುದು 2018ರವರೆಗೆ ಸಾಮಾನ್ಯ ತಿಳಿವಳಿಕೆಯಾಗಿತ್ತು. ಈಗ ಅದು ತಿರುಗಿ ನಿಂತಿದೆ. ಸ್ಟೀಮ್ ಎಂಬ ಆಟದಂಗಡಿಯನ್ನು ನಡೆಸುವ ವಾಲ್ವ್ ಸಂಸ್ಥೆ 2013ರಲ್ಲಿ ಸ್ಟೀಮನ್ನು ಲಿನಕ್ಸ್‌ಗೆ ತಂದು, 2015ರಲ್ಲಿ ಸ್ಟೀಮ್ ಮೆಷೀನ್ ಎಂಬ ಆಟದ ಪೆಟ್ಟಿಗೆಗಳನ್ನು ಮಾರಿಸಲು ಯತ್ನಿಸಿತು. ಲಿನಕ್ಸ್‌ಗೆ ಸಾಕಷ್ಟು ಆಟಗಳಿಲ್ಲದ್ದರಿಂದ ಪೆಟ್ಟಿಗೆಗಳು ಮೂಲೆ ಸೇರಿದವು. ಆಟ ಬರೆಯುವವರನ್ನು ಲಿನಕ್ಸ್‌ಗೆ ಕರೆಯುವ ಬದಲು ವಿಂಡೋಸ್ ಆಟಗಳನ್ನೇ ಓಡಿಸೋಣವೆಂದು ಸಂಸ್ಥೆ ಕೋಡ್‌ವೀವರ್ಸ್ ಜೊತೆ ಸೇರಿ 2018ರ ಆಗಸ್ಟ್‌ನಲ್ಲಿ ಪ್ರೋಟಾನನ್ನು ಬಿಡುಗಡೆ ಮಾಡಿತು. ಮೊದಲ ದಿನ ಪರೀಕ್ಷಿಸಿ ಒಪ್ಪಿದ ಆಟಗಳು 27.

ಪ್ರೋಟಾನ್ ಎಂದರೆ ವೈನ್, ಜೊತೆಗೆ ಚಿತ್ರದ ಭಾಗಕ್ಕೆ ಎರಡು ಬಲವಾದ ಅನುವಾದಕಗಳು. ವಿಂಡೋಸ್ ಆಟಗಳು ಡೈರೆಕ್ಟ್3ಡಿ ಮೂಲಕ ಗ್ರಾಫಿಕ್ಸ್ ಕಾರ್ಡಿನೊಡನೆ ವ್ಯವಹರಿಸುತ್ತವೆ. ಲಿನಕ್ಸ್‌ನಲ್ಲಿ ಆ ಜಾಗದಲ್ಲಿರುವುದು 2016ರಲ್ಲಿ ಬಂದ ವಲ್ಕನ್. ಫಿಲಿಪ್ ರೆಬೋಲೆ ಎಂಬ ಜರ್ಮನ್ ತರುಣ ನಿಯರ್ ಆಟೋಮೇಟಾ ಎಂಬ ಒಂದು ಆಟ ಆಡಬೇಕೆಂಬ ಆಸೆಯಿಂದ ಡೈರೆಕ್ಟ್3ಡಿ 11ನ್ನು ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಬರೆಯಲು ತೊಡಗಿದರು. ವಾಲ್ವ್ ಅವರಿಗೆ ಸಂಬಳ ಕೊಟ್ಟು ಅದನ್ನು ಮುಂದುವರಿಸಿತು. ಡೈರೆಕ್ಟ್3ಡಿ 12ಕ್ಕೆ ವಿಕೆಡಿ3ಡಿ ಪ್ರೋಟಾನ್ ಇದೆ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಗಣಕ ಲಿನಕ್ಸ್‌ನಲ್ಲೇ ನಡೆಯುತ್ತದೆ. ಅದರ ಮಾರಾಟದಿಂದ ಇಡೀ ಪ್ರಯತ್ನಕ್ಕೆ ಬಂಡವಾಳವೂ ಪರೀಕ್ಷಕರೂ ದೊರೆತರು. ಬಳಕೆದಾರ ಮಾಡಬೇಕಾದದ್ದು ಸ್ಟೀಮ್‌ನ ಹೊಂದಾಣಿಕೆಯಲ್ಲಿ ಪ್ರೋಟಾನನ್ನು ಆರಿಸಿ ಆಟ ಇಳಿಸಿಕೊಳ್ಳುವುದಷ್ಟೆ. ಯಾವ ಆಟ ಹೇಗೆ ನಡೆಯುತ್ತದೆಂಬ ಆಟಗಾರರ ವರದಿಗಳನ್ನು ಪ್ರೋಟಾನ್‌ಡಿಬಿ ಒಂದೆಡೆ ಕೂಡಿಸಿಡುತ್ತದೆ.

ಸೈಬರ್ ಕೆಫೆಗಳ ಕಾಲದ ಆಟಗಳ ಕಥೆ ಸ್ವಲ್ಪ ಬೇರೆ. ಕೌಂಟರ್ ಸ್ಟ್ರೈಕ್‌ಗೆ ಲಿನಕ್ಸ್ ಆವೃತ್ತಿಯೇ ಇದೆ. ರೋಡ್ ರ‍್ಯಾಶ್, ವೈಸ್ ಸಿಟಿ, ಕ್ರಿಕೆಟ್ 07ರಂಥ ಹಳೆಯ ಆಟಗಳ ಚಿತ್ರ ಇಂದಿನ ಯಂತ್ರಕ್ಕೆ ಭಾರವೇ ಅಲ್ಲ. ತಂಟೆ ಮಾಡುವುದು ಸಿಡಿಯ ನಕಲುತಡೆ. ಸೇಫ್‌ಡಿಸ್ಕ್ ಎಂಬ ಅಂಥ ತಡೆಯನ್ನು ಭದ್ರತೆಯ ಕಾರಣಕ್ಕೆ ವಿಂಡೋಸ್ 10 ಕೂಡ ಹೊರಹಾಕಿತು.

ಆನ್‌ಲೈನ್ ಪೈಪೋಟಿಯ ಆಟಗಳಲ್ಲಿ ಮತ್ತೆ ಬೀಗದ ಸಮಸ್ಯೆ ತಲೆಯೆತ್ತುತ್ತದೆ. ಮೋಸಗಾರರನ್ನು ಹಿಡಿಯುವ ಈಸಿ ಆ್ಯಂಟಿ ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲಿ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಆದರೆ ಅದನ್ನು ತೆರೆಯುವುದು ಬಿಡುವುದು ಆಯಾ ಆಟದ ಸಂಸ್ಥೆಯ ಇಚ್ಛೆ. ಫೋರ್ಟ್‌ನೈಟ್‌ನವರು ತೆರೆಯಲಿಲ್ಲ. ವ್ಯಾಲರೆಂಟ್ ಆಟದ ಮೋಸತಡೆಯಾದ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನೆಲ್‌ನೊಳಗೇ ಕೂರುವುದರಿಂದ ವೈನ್‌ನಲ್ಲಿ ಅದಕ್ಕೆ ನೆಲೆಯೇ ಇಲ್ಲ. ಡಾಂಗಲ್ ಮತ್ತು ವ್ಯಾನ್‌ಗಾರ್ಡ್ ಸೋಲುವುದು ಒಂದೇ ಗೋಡೆಗೆ ಬಡಿದು.

ವರ್ಚುವಲ್ ಯಂತ್ರ ಮತ್ತು ಸುರಕ್ಷತೆ

ವೈನ್ ಸೋತಲ್ಲಿ ವರ್ಚುವಲ್ ಯಂತ್ರ ನಡೆಯುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ 2007ರಿಂದ ಇರುವ ಕೆವಿಎಂ, ಅದೇ ವರ್ಷ ಮುಕ್ತವಾದ ವರ್ಚುವಲ್‌ಬಾಕ್ಸ್ ಇದಕ್ಕೆ ಸಾಮಾನ್ಯ ಸಾಧನಗಳು. ಒಳಗೆ ಅಸಲಿ ವಿಂಡೋಸೇ ಇರುವುದರಿಂದ ಯುಎಸ್‌ಬಿ ಡಾಂಗಲನ್ನು ನೇರವಾಗಿ ಅದಕ್ಕೆ ಒಪ್ಪಿಸಬಹುದು, ಜಿಎಸ್‌ಟಿಯ ಆಫ್‌ಲೈನ್ ಸಾಧನದಂಥ ವಿಂಡೋಸ್‌ಗೇ ಅಂಟಿಕೊಂಡ ತಂತ್ರಾಂಶಗಳನ್ನೂ ಹಾಕಬಹುದು. ವಿಂಡೋಸ್ ಪರವಾನಗಿ ಮಾತ್ರ ಕೊಳ್ಳಲೇಬೇಕು. ಮೆಮೊರಿಯೂ ಎರಡು ವ್ಯವಸ್ಥೆಗಳಿಗೆ ಸಾಕಾಗುವಷ್ಟು ಇರಬೇಕು, 4 ಜಿಬಿಯ ಹಳೆಯ ಯಂತ್ರದಲ್ಲಿ ಇದು ತೆವಳುತ್ತದೆ. ವ್ಯಾನ್‌ಗಾರ್ಡ್‌ನಂಥವು ವರ್ಚುವಲ್ ಯಂತ್ರವನ್ನೂ ಗುರುತಿಸಿ ಬಾಗಿಲು ಹಾಕುತ್ತವೆ.

ಲಿನಕ್ಸ್‌ಗೆ ವೈರಸ್ ತಗಲುವುದಿಲ್ಲವೆಂಬ ಧೈರ್ಯದಲ್ಲಿ ಸಿಕ್ಕಸಿಕ್ಕ ಇಎಕ್ಸ್‌ಇ ಫೈಲನ್ನು ವೈನ್‌ನಲ್ಲಿ ತೆರೆಯುವವರು ಒಂದನ್ನು ತಿಳಿದಿರಬೇಕು. ವೈನ್ ರೂಢಿಯಂತೆ ಇಡೀ ಲಿನಕ್ಸ್ ಫೈಲುವ್ಯವಸ್ಥೆಯನ್ನು ಝಡ್ ಡ್ರೈವ್ ಎಂದು ತೋರಿಸುತ್ತದೆ. ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ವಿಂಡೋಸ್ ಕುತಂತ್ರಾಂಶಕ್ಕೆ ಬಳಕೆದಾರನ ಫೋಟೋ, ಪತ್ರ, ಲೆಕ್ಕ ಎಲ್ಲವೂ ಆ ದಾರಿಯಲ್ಲಿ ಕೈಗೆಟುಕುತ್ತವೆ. ವೈನ್ ಕೋಟೆಯಲ್ಲ, ಬರೀ ದುಭಾಷಿ.

ವಿಂಡೋಸ್ ತಂತ್ರಾಂಶದ ಗೊಡವೆಯೇ ಬೇಡವೆಂಬ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ಕೇರಳದ ಶಾಲೆಗಳು. 2001ರ ಸುಮಾರಿಗೆ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪಠ್ಯಪುಸ್ತಕ ಹಿಡಿದು ಲಿನಕ್ಸ್‌ನಲ್ಲಿ ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ ಕಲಿಯುತ್ತಾರೆ. ಹಳೆಯ ಫೈಲುಗಳ ಹೊರೆ ಇಲ್ಲದ ಶಾಲೆಗೆ ಇದು ಸುಲಭ. ಕಾಲು ಶತಮಾನದ ಪೇಜ್‌ಮೇಕರ್ ಫೈಲುಗಳಿರುವ ಮುದ್ರಣಾಲಯಕ್ಕೆ ಅಷ್ಟು ಸುಲಭವಲ್ಲ. ಅಂಥಲ್ಲಿ ಹೊಸ ಕೆಲಸವನ್ನು ಲಿನಕ್ಸ್‌ನಲ್ಲಿ ಯೂನಿಕೋಡ್‌ನಲ್ಲೇ ಆರಂಭಿಸಿ, ಹಳೆಯವು ಯೂನಿಕೋಡ್‌ಗೆ ಬರುವವರೆಗೆ ಇಂಟರ್‌ನೆಟ್ ಸಂಪರ್ಕ ಕಿತ್ತ ಒಂದು ವಿಂಡೋಸ್ ಗಣಕವನ್ನು ಉಳಿಸಿಕೊಳ್ಳುವುದೇ ವೈನ್‌ಗಿಂತ ಮೇಲು.